ಗುಣವತಿ ಹೆಂಡತಿಯ ವಿದ್ವಾಂಸರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನ್ಯೂಜೆರ್ಸಿಯ ಹೋಬೋಕನ್ನಿನಿಂದ ಮನೆಗೆ ಹೋಗುವ ರೈಲಿನಲ್ಲಿ, ವಾಟ್ಸ್ಯಾಪ್ ಗ್ರೂಪಿನಲ್ಲಿ. ನಾನು ಇಳಿಯುವ ಸ್ಟೇಷನ್ ಬರುವಷ್ಟರಲ್ಲಿ ಹತ್ತಾರು ಮಂದಿ ಕೈಮುಗಿದ ಚಿತ್ರ ಹಾಕಿದ್ದರು. ‘ಕುಟುಂಬ ಜೀವನದ ಮಹಾ ವಿದ್ವಾಂಸರು’ ಎಂದು ಒಬ್ಬರು, ‘ಆದರ್ಶ ಪತಿ’ ಎಂದು ಇನ್ನೊಬ್ಬರು ಬರೆದಿದ್ದರು. ಆದರ್ಶ ಪತಿ ಎಂದವರು ಆ ಮನೆಯಲ್ಲಿ ಊಟ ಮಾಡಿದ್ದಾರೆಯೇ ಹೊರತು ವಾಸ ಮಾಡಿದವರಲ್ಲ. ನಾನು ಅಲ್ಲಿ ಎರಡು ವರ್ಷ ವಾಸ ಮಾಡಿದ್ದೆ.

ಅವರ ಬಗ್ಗೆ ಬರೆಯಬೇಕು ಅನ್ನಿಸಿ ಅವರ ಹೆಂಡತಿ ಸುಗುಣ ಆಂಟಿಗೆ ಫೋನ್ ಮಾಡಿ ಅನುಮತಿ ಕೇಳಿದೆ. ಆಂಟಿ, “ಅವರ ಹೆಸರು ಹಾಕ್ಬೇಡ ಮಾರಾಯ್ತಿ. ಉಳಿದದ್ದೆಲ್ಲ ಬರಿ,” ಎಂದರು. ಹಾಗಾಗಿ ಹೆಸರು ಇಲ್ಲ. ಊರಿನ ಕನ್ನಡದವರೆಲ್ಲ ಅವರನ್ನು ಪ್ರೊಫೆಸರ್ ಎನ್ನುತ್ತಿದ್ದರು, ಅಷ್ಟು ಸಾಕು.

ನಾನು ಮೈಸೂರಿನಿಂದ ಓದಲು ಬಂದ ಹೊಸತರಲ್ಲಿ ಎಡಿಸನ್ ಎಂಬ ಊರಿನ ಒಂದು ದಿನಸಿ ಅಂಗಡಿಯ ಗೋಡೆಯ ಮೇಲೆ ಕೈಬರಹದ ಚೀಟಿಯೊಂದು ಕಂಡಿತು: ‘ಬೇಸ್‌ಮೆಂಟ್ ರೂಮು ಬಾಡಿಗೆಗೆ ಇದೆ. ಕನ್ನಡ ಟೈಪಿಂಗ್ ಬಲ್ಲವರಿಗೆ ಆದ್ಯತೆ.’ ನ್ಯೂಜೆರ್ಸಿಯಲ್ಲಿ ಇಂಥ ಚೀಟಿ ಅಂಟಿಸುವ ಮನುಷ್ಯ ಹೇಗಿರಬಹುದು ಎಂಬ ಕುತೂಹಲಕ್ಕೇ ಹೋದೆ. ಬಾಗಿಲು ತೆಗೆದವರು ಉಣ್ಣೆಯ ಟೋಪಿ ಹಾಕಿಕೊಂಡಿದ್ದರು. ಆಗಸ್ಟ್ ತಿಂಗಳು, ಇಲ್ಲಿ ಕಡುಬೇಸಿಗೆ. ಟೋಪಿ ತೆಗೆದರೆ ಯೋಚನೆ ಹಾರಿಹೋಗುತ್ತದೆ ಎಂದು ಅವರು ನಂಬಿದ್ದರೆಂದು ಆಮೇಲೆ ತಿಳಿಯಿತು.

“ಹೆಸರೆಂಥದು?”

“ಶಾಹಿನಾ, ಸರ್.”

“ಮುಸ್ಲಿಮರಾ?”

“ಹೌದು ಸರ್.”

“ತೊಂದರೆ ಇಲ್ಲ. ವೇದಪುಸ್ತಕದ ವಿಷಯ ಟೈಪ್ ಮಾಡ್ಲಿಕ್ಕೆ ನಂಬಿಕೆ ಬೇಡ, ಕಾಗುಣಿತ ಸಾಕು,” ಎಂದರು.

ಅವರು ಮಂಗಳೂರಿನ ಕ್ರೈಸ್ತರು. ಧರ್ಮಶಾಸ್ತ್ರ ಓದಿ, ಆಫ್ರಿಕಾದ ಘಾನಾ ದೇಶದ ಕುಮಾಸಿ ಎಂಬ ಊರಿನ ಪಾದ್ರಿಗಳ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿ, ಅಲ್ಲಿಂದ ಅಮೆರಿಕಕ್ಕೆ ಬಂದಿದ್ದರು. ಇಲ್ಲಿನ ಒಂದು ಕಾಲೇಜಿನಲ್ಲಿ ಕೆಲಕಾಲ ವಾರಕ್ಕೆ ಒಂದು ತರಗತಿ ತೆಗೆದುಕೊಂಡರು. ಆ ತರಗತಿ ನಿಂತ ಮೇಲೂ ಪ್ರೊಫೆಸರ್ ಎಂಬುದು ಉಳಿಯಿತು. ಮನೆ ನಡೆಯುತ್ತಿದ್ದದ್ದು ಸುಗುಣ ಆಂಟಿ ನ್ಯೂಯಾರ್ಕ್ ಕಡೆಯ ಆಸ್ಪತ್ರೆಯೊಂದರಲ್ಲಿ ಮಾಡುತ್ತಿದ್ದ ನರ್ಸ್ ಕೆಲಸದಿಂದ. ಮಕ್ಕಳಿರಲಿಲ್ಲ.

ಅವರ ಜೀವಮಾನದ ಕೆಲಸವೆಂದರೆ ಒಂದು ಪುಸ್ತಕ. ಅವರು ವೇದಪುಸ್ತಕ ಎನ್ನುತ್ತಿದ್ದ ಬೈಬಲಿನಲ್ಲಿ ಗುಣವತಿಯಾದ ಹೆಂಡತಿಯನ್ನು ಹೊಗಳುವ ಒಂದು ಪದ್ಯವಿದೆ. ಅವಳು ಕತ್ತಲಿರುವಾಗಲೇ ಏಳುತ್ತಾಳೆ, ಮನೆಮಂದಿಗೆ ಊಟ ಹಾಕುತ್ತಾಳೆ, ಹೊಲ ನೋಡಿ ಕೊಂಡುಕೊಳ್ಳುತ್ತಾಳೆ, ಬಟ್ಟೆ ನೇಯ್ದು ಮಾರುತ್ತಾಳೆ. ಇಪ್ಪತ್ತೆರಡು ಸಾಲು, ಹಿಬ್ರೂ ಭಾಷೆಯ ಇಪ್ಪತ್ತೆರಡು ಅಕ್ಷರಗಳಲ್ಲಿ ಒಂದೊಂದರಿಂದ ಒಂದೊಂದು ಸಾಲು ಶುರು. ಘಾನಾದ ಅಸಾಂಟೆ ಜನರಲ್ಲಿ ವಂಶ ಸಾಗುವುದು ತಾಯಿಯ ಕಡೆಯಿಂದ. ಮಗನಿಗಲ್ಲ, ಸೋದರಳಿಯನಿಗೆ ಆಸ್ತಿ. ಹೆಂಡತಿ ಗಂಡನ ಮನೆತನಕ್ಕೆ ಸೇರುವುದೇ ಇಲ್ಲ. ಅಂಥ ಕಡೆ ಈ ಪದ್ಯದ ವಿವೇಕ ಹೇಗೆ ಹೆಂಡತಿಯರನ್ನು ತಿದ್ದಿತು ಎಂಬುದು ಪುಸ್ತಕದ ವಿಷಯ, ಸಾಲಿಗೊಂದು ಅಧ್ಯಾಯ. ಕನ್ನಡದಲ್ಲೇ ಬರೆಯುತ್ತಿದ್ದರು. “ಇಂಗ್ಲಿಷಲ್ಲಿ ಬರೆದ್ರೆ ಗಂಡಸರು ಓದಿ ಇಡ್ತಾರೆ. ಇದು ನಮ್ಮ ಹೆಂಗಸರಿಗೆ ಬೇಕಾದದ್ದು.”

ಬೆಳಿಗ್ಗೆ ಒಂಬತ್ತಕ್ಕೆ ನಾನು ಮೇಲೆ ಅವರ ಓದುವ ಕೋಣೆಗೆ ಹೋಗುತ್ತಿದ್ದೆ. ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಕತ್ತಲಲ್ಲೇ ಏಳುವ ಹೆಂಡತಿಯ ಮೇಲೆ ಅವರು ನಿರರ್ಗಳವಾಗಿ ಹೇಳುತ್ತಿರುವಾಗ ಆ ಮನೆಯ ಹೆಂಡತಿ ಕತ್ತಲಲ್ಲೇ ಎದ್ದು ಹೋಗಿ ಮೂರು ಗಂಟೆಯಾಗಿರುತ್ತಿತ್ತು. ಹೊಲ ಕೊಂಡುಕೊಳ್ಳುವ ಹೆಂಡತಿಯ ಅಧ್ಯಾಯ ಮೂರು ಪುಟ. ಹೆಂಡತಿಯ ದೆಸೆಯಿಂದ ಗಂಡ ಊರ ಬಾಗಿಲಲ್ಲಿ ಹಿರಿಯರ ನಡುವೆ ಗೌರವದಿಂದ ಕೂರುವ ಅಧ್ಯಾಯ ನಲವತ್ತು ಪುಟ. ಅವರು ಕೂರುತ್ತಿದ್ದದ್ದು ರಸ್ತೆಯಾಚೆಯ ಡೋನಟ್ ಅಂಗಡಿಯಲ್ಲಿ, ನಿವೃತ್ತ ಇಂಜಿನಿಯರುಗಳ ನಡುವೆ.

ಅಡುಗೆಮನೆ ಅವರಿಗೆ ಪರದೇಶ. ಆಂಟಿ ಭಾನುವಾರವೇ ವಾರದ ಅಡುಗೆ ಮಾಡಿ, ಡಬ್ಬಿಗಳ ಮೇಲೆ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಡುತ್ತಿದ್ದರು: ‘ಸೋಮವಾರ, ಬಂಗುಡೆ ಪುಳಿಮುಂಚಿ’, ‘ಮಂಗಳವಾರ, ಕೋಳಿ ಗಸಿ’. ಒಮ್ಮೆ ಮಂಗಳವಾರ ಮಧ್ಯಾಹ್ನ ಅವರು ತಪ್ಪಿ ಬುಧವಾರದ ಡಬ್ಬಿ ಬಿಸಿ ಮಾಡಿ ತಿಂದುಬಿಟ್ಟರು. ಗೊತ್ತಾದ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ಐಸಿಯು ಡ್ಯೂಟಿಯಲ್ಲಿದ್ದ ಹೆಂಡತಿಯನ್ನು ಲೈನಿಗೆ ಕರೆಸಿದರು.

“ಸುಗುಣಾ, ನಾಳೆಗೆ ನಾನು ಎಂಥ ತಿನ್ನುವುದು?”

ಆ ಕಡೆಯಿಂದ ಏನು ಉತ್ತರ ಬಂತೋ. ಫೋನಿಟ್ಟು ನನ್ನ ಕಡೆ ತಿರುಗಿ, “ಮಂಗಳವಾರದ್ದನ್ನು ತಿನ್ನಬಹುದಂತೆ,” ಎಂದರು, ಕಗ್ಗಂಟೊಂದು ಬಿಡಿಸಿಕೊಂಡವರ ಹಾಗೆ.

ಅವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವ ನನ್ನ ಕೆಲಸ ಸುಲಭವಾಗುತ್ತಿತ್ತು. ನನಗೆ ಜ್ವರ ಬಂದು ಮೂರು ದಿನ ಮಲಗಿದಾಗ, ಗಂಜಿ ಮಾಡಲು ಬಾರದ ಅವರು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತು ಹಿಬ್ರೂ ಕೀರ್ತನೆಗಳನ್ನು ಓದಿದರು. ಒಂದು ಪದವೂ ಅರ್ಥವಾಗಲಿಲ್ಲ. ಆದರೆ ಮೂರು ದಿನವೂ ತಪ್ಪದೆ ಬಂದರು. ಜ್ವರ ಬಿಟ್ಟಮೇಲೆ ಇಷ್ಟೇ ಕೇಳಿದರು: “ಈಗ ಕೂರ್ಲಿಕ್ಕೆ ಆಗ್ತದಾ? ಹನ್ನೊಂದನೇ ಅಧ್ಯಾಯ ಅರ್ಧಕ್ಕೆ ನಿಂತಿದೆ.”

ಒಂದು ದಿನ ಹೇಳುತ್ತಾ ಹೇಳುತ್ತಾ ನಿಲ್ಲಿಸಿ, “ನಿಮ್ಮಲ್ಲಿ ಮದುವೆಯಲ್ಲಿ ಗಂಡಿನ ಕಡೆಯಿಂದ ಮೆಹರ್ ಹಣ ಕೊಡ್ತಾರಲ್ಲ, ಅದು ಯಾರಿಗೆ ಹೋಗ್ತದೆ? ಹುಡುಗಿಯ ಅಪ್ಪನಿಗಾ?” ಎಂದರು.

“ಇಲ್ಲ ಸರ್. ಹುಡುಗಿಗೇ. ಅದನ್ನ ಗಂಡನೂ ಮುಟ್ಟೋ ಹಾಗಿಲ್ಲ.”

“ಹೌದಾ?” ಎಂದು ಟೋಪಿ ಸರಿಮಾಡಿಕೊಂಡರು. “ಅದನ್ನು ನೋಟ್ ಮಾಡ್ಬೇಡ.”

ಎರಡನೆಯ ವರ್ಷದ ಚಳಿಗಾಲದಲ್ಲಿ ಅಬೆನಾ ಬಂದರು. ಕುಮಾಸಿಯವರು, ಸುಗುಣ ಆಂಟಿಯ ವಾರ್ಡಿನಲ್ಲೇ ರೋಗಿಗಳ ಆರೈಕೆಯ ಕೆಲಸ ಮಾಡುತ್ತಿದ್ದರು, ವಾಸ ನ್ಯೂಜೆರ್ಸಿಯದೇ ನ್ಯೂವಾರ್ಕ್ ಊರಿನಲ್ಲಿ. ಅರವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ನಾವು ಸುಗುಣ ಆಂಟಿ ಎನ್ನುವ ಹಾಗೆ ಅವರ ಕಡೆ ಆಂಟಿ ಎಂಬುದನ್ನು ಹೆಸರಿಗಿಂತ ಮೊದಲು ಹಾಕುತ್ತಾರಂತೆ, ಆಂಟಿ ಅಬೆನಾ. ಪುಸ್ತಕಕ್ಕೆ ‘ಜೀವಂತ ಸಾಕ್ಷಿ’ ಬೇಕೆಂದು ಪ್ರೊಫೆಸರ್ ಹಟ ಹಿಡಿದಿದ್ದರಿಂದ ರಜೆಯ ದಿನ ಸುಗುಣ ಆಂಟಿಯೇ ಅವರನ್ನು ಕಾರಿನಲ್ಲಿ ಕರೆತಂದಿದ್ದರು. ಮಾತು ಇಂಗ್ಲಿಷಿನಲ್ಲಿ ನಡೆಯಿತು. ನಾನು ಕನ್ನಡದಲ್ಲಿ ಟೈಪ್ ಮಾಡಿಕೊಂಡೆ.

“ನಿಮ್ಮ ತಾಯಿ ಗಂಡನ ಮನೆಯಲ್ಲಿ ಏನೇನು ಕೆಲಸ ಮಾಡುತ್ತಿದ್ದರು?” ಪ್ರೊಫೆಸರ್ ಕೇಳಿದರು.

“ಏನೂ ಇಲ್ಲ. ಅಮ್ಮ ಇದ್ದದ್ದು ಅವಳ ತಾಯಿಯ ಮನೆಯಲ್ಲಿ. ಅಪ್ಪ ಇದ್ದದ್ದು ಅವನ ತಾಯಿಯ ಮನೆಯಲ್ಲಿ. ಸಂಜೆ ಅಮ್ಮ ಅಡುಗೆ ಮಾಡುತ್ತಿದ್ದಳು, ನಾನು ಪಾತ್ರೆ ತಲೆಯ ಮೇಲೆ ಹೊತ್ತು ಅಪ್ಪನಿಗೆ ಕೊಟ್ಟು ಬರುತ್ತಿದ್ದೆ.” ಮರಗೆಣಸು, ಬಾಳೆಕಾಯಿ ಬೇಯಿಸಿ ಒನಕೆಯಲ್ಲಿ ಕುಟ್ಟಿದ ಮುದ್ದೆ, ಅದರ ಜೊತೆ ಸಾರು. ಮುದ್ದೆ ಎಂದು ಟೈಪ್ ಮಾಡುವಾಗ ನನಗೆ ಬಾಯಲ್ಲಿ ನೀರೂರಿತು.

“ಅಂದರೆ ನಿಮ್ಮ ತಂದೆಗೆ ತಮ್ಮದು ಅನ್ನುವ ಸಂಸಾರವೇ ಇರಲಿಲ್ಲ,” ಎಂದರು ಪ್ರೊಫೆಸರ್ ಕನಿಕರದಿಂದ.

“ಊಟ ಬಿಸಿಯಾಗಿರುತ್ತಿತ್ತು,” ಎಂದರು ಅಬೆನಾ.

ಅಪ್ಪ ಸತ್ತಾಗ ಅವರ ಸೋದರಳಿಯಂದಿರು ಬಂದು ಮಂಚ, ಕುರ್ಚಿ, ಗೋಡೆ ಗಡಿಯಾರ ಎಲ್ಲ ಹೊತ್ತುಕೊಂಡು ಹೋದದ್ದನ್ನೂ ಅವರು ಹೇಳಿದರು. “ತಾಯಿಯ ಕಡೆಯ ಪದ್ಧತಿ ಅಂದರೆ ಹೆಂಗಸರ ರಾಜ್ಯ ಅಂದುಕೊಳ್ಳಬೇಡಿ. ಅಮ್ಮನ ಮೇಲೆ ಅವಳ ಅಣ್ಣ ದರ್ಬಾರು ಮಾಡುತ್ತಿದ್ದ. ಅಪ್ಪನ ಮನೆಯಿಂದ ನಮಗೆ ಒಂದು ಚಮಚವೂ ಬರಲಿಲ್ಲ. ಆದರೆ ಅಮ್ಮನಿಗೆ ಮಾರ್ಕೆಟ್ಟಿನಲ್ಲಿ ಬಟ್ಟೆ ಅಂಗಡಿ ಇತ್ತು. ಅದರ ಕಡೆ ಒಬ್ಬ ಗಂಡಸೂ ಕಣ್ಣೆತ್ತಿ ನೋಡಲಿಲ್ಲ. ನಾನು ಓದಿದ್ದು ಅದರಿಂದ.”

ಅಬೆನಾ ಹೋದಮೇಲೆ ಪ್ರೊಫೆಸರ್ ಕಂಪ್ಯೂಟರಿನ ಹತ್ತಿರ ಬಂದು, ಮಂಚ ಹೊತ್ತುಕೊಂಡು ಹೋದದ್ದನ್ನು ಉಳಿಸಿ ಬಟ್ಟೆ ಅಂಗಡಿಯನ್ನು ತೆಗೆಸಿದರು. “ಅದು ಅವರ ವೈಯಕ್ತಿಕ ವಿಷಯ,” ಎಂದರು.

ಆದರೆ ಅಬೆನಾ ಹೋಗುವ ಮುಂಚೆ ಚಹಾ ಕುಡಿಯುವಾಗ ಒಂದು ಮಾತು ನಡೆದಿತ್ತು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಸುಗುಣ ಆಂಟಿ, “ನಮ್ಮ ಊರಲ್ಲೂ ಹೀಗೇ. ಅಳಿಯಸಂತಾನ ಅಂತಾರೆ. ನನ್ನ ಅಜ್ಜಿಯ ಅಜ್ಜಿ ತನ್ನ ಗದ್ದೆಯಲ್ಲೇ ಇದ್ದವಳು. ನಮ್ಮವರು ಮತಾಂತರ ಆದಮೇಲೆ ಅದೆಲ್ಲ ಹೋಯಿತು,” ಎಂದರು.

ಅಬೆನಾ ಕಪ್ಪು ಕೆಳಗಿಟ್ಟು ಪ್ರೊಫೆಸರನ್ನು ನೋಡಿದರು. “ನಿಮ್ಮ ಊರಲ್ಲೇ ಇತ್ತಾ? ಮತ್ತೆ ನಮ್ಮೂರಿಗೆ ಯಾಕೆ ಬಂದಿರಿ?”

ಪ್ರೊಫೆಸರ್ ಬಿಸ್ಕತ್ತು ಚಹಾದಲ್ಲಿ ಅದ್ದಿದರು. ಅದು ಮುರಿದು ಕಪ್ಪಿನಲ್ಲೇ ಉಳಿಯಿತು.

ಪ್ರತಿ ವರ್ಷ ಮೇ ತಿಂಗಳ ತಾಯಂದಿರ ಭಾನುವಾರ ನಮ್ಮ ಕಡೆಯ ಕನ್ನಡ ಕ್ರೈಸ್ತರು ಬಾಡಿಗೆಯ ಚರ್ಚ್ ಹಾಲಿನಲ್ಲಿ ಸೇರುತ್ತಾರೆ. ಅಂದಿನ ಪ್ರಸಂಗ, ಅಂದರೆ ಧರ್ಮೋಪದೇಶ, ಪ್ರೊಫೆಸರದೇ. ಗೋಡೆಗೆ ಒಂದು ದೊಡ್ಡ ಚಾರ್ಟ್ ತೂಗುಹಾಕುತ್ತಿದ್ದರು. ಇಪ್ಪತ್ತೆರಡು ಚೌಕ, ಒಂದೊಂದರಲ್ಲಿ ಒಂದು ಹಿಬ್ರೂ ಅಕ್ಷರ, ಅದರ ಕೆಳಗೆ ಹೆಂಡತಿಯ ಒಂದು ಗುಣ. ಆ ವರ್ಷ ಲ್ಯಾಪ್‌ಟಾಪ್ ನೋಡಿಕೊಳ್ಳಲೆಂದು ನಾನೂ ಹೋಗಿದ್ದೆ. ಅಬೆನಾ ವಿಶೇಷ ಅತಿಥಿ. ವೇದಪುಸ್ತಕದ ವಿವೇಕ ತಲುಪುವ ಮುಂಚೆ ತಮ್ಮ ಕಡೆಯ ಹೆಂಡತಿಯರು ಎಂಥ ಅನಾಥರಾಗಿದ್ದರು ಎಂದು ಅವರು ನಾಲ್ಕು ಮಾತು ಹೇಳಬೇಕೆಂದಿತ್ತು. ಸುಗುಣ ಆಂಟಿ ನಸುಕಿನಲ್ಲೇ ಎದ್ದು ಎಂಬತ್ತು ಜನಕ್ಕೆ ಕೋಳಿ ಗಸಿ ಮಾಡಿ, ನಾಲ್ಕು ಟ್ರೇಗಳನ್ನು ತಾವೇ ಹೊತ್ತು ತಂದಿದ್ದರು.

ಪ್ರಸಂಗ ಚೆನ್ನಾಗಿಯೇ ನಡೆಯಿತು. ಕೊನೆಗೆ ಪ್ರೊಫೆಸರ್ ದನಿ ಏರಿಸಿ ಹೇಳಿದರು: “ಗುಣವತಿ ಹೆಂಡತಿ ತನ್ನದು ಅಂತ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಸಾಕ್ಷಿ ಬೇಕಾ? ನನ್ನ ಸುಗುಣ. ನಾವು ಇಲ್ಲಿಯ ಮನೆ ಮಾರ್ತಾ ಇದ್ದೇವೆ. ಆ ಹಣದಿಂದ ಮಂಗಳೂರಿನಲ್ಲಿ ಕುಟುಂಬ ವಿವೇಕದ ಒಂದು ಕೇಂದ್ರ ತೆರೆಯುತ್ತೇವೆ. ಪುಸ್ತಕವೂ ಅಲ್ಲಿಂದಲೇ ಹೊರಗೆ ಬರ್ತದೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಆಂಟಿಯ ಕಡೆ ನೋಡಿದೆ. ಅವರು ಟ್ರೇಗಳ ಹತ್ತಿರ ಸೌಟು ಹಿಡಿದು ನಿಂತಿದ್ದರು. ಈ ಸುದ್ದಿಯನ್ನು ಅವರು ಎಂಬತ್ತು ಜನರ ಜೊತೆಯಲ್ಲಿ ಮೊದಲ ಸಲ ಕೇಳುತ್ತಿದ್ದರು. ಅದು ಮುಖದಲ್ಲೇ ಗೊತ್ತಾಗುತ್ತಿತ್ತು. ಇಪ್ಪತ್ತು ವರ್ಷ ಅವರ ಸಂಬಳದಿಂದ ಕಂತು ಕಟ್ಟಿದ ಮನೆ. ಕೊಂಡ ದಿನ ಆಂಟಿಗೆ ಡ್ಯೂಟಿ ಇದ್ದದ್ದರಿಂದ ಕಾಗದಕ್ಕೆ ಸಹಿ ಹಾಕಿದ್ದವರು ಪ್ರೊಫೆಸರ್ ಒಬ್ಬರೇ.

“ಈಗ ನಮ್ಮ ಆಫ್ರಿಕಾದ ಸಹೋದರಿ ಎರಡು ಮಾತು ಹೇಳ್ತಾರೆ,” ಎಂದರು ಪ್ರೊಫೆಸರ್.

ಅಬೆನಾ ಎದ್ದರು. ಮೈಕು ಬೇಡವೆಂದು ಪಕ್ಕಕ್ಕಿಟ್ಟು, ಚಾರ್ಟಿನ ಹತ್ತಿರ ಹೋಗಿ ಬೆರಳಿಟ್ಟು ಒಂದೊಂದೇ ಚೌಕ ಎಣಿಸಿದರು.

“ಇಪ್ಪತ್ತೊಂದರ ಕೆಳಗೆ ಬರೆದಿದ್ದೀರಿ. ಇಪ್ಪತ್ತೆರಡನೆಯದು ಖಾಲಿ. ಯಾಕೆ ಪ್ರೊಫೆಸರ್?”

“ಅದು... ಅದಕ್ಕೆ ಇನ್ನೂ ಅಧ್ಯಯನ ಬೇಕು, ಸಿಸ್ಟರ್.”

ನನಗೆ ಗೊತ್ತಿತ್ತು. ನಾನು ಟೈಪ್ ಮಾಡಿದ್ದು ಇಪ್ಪತ್ತೊಂದೇ ಅಧ್ಯಾಯ. ಕೊನೆಯದು ಯಾವಾಗ ಎಂದು ಕೇಳಿದಾಗಲೆಲ್ಲ, ಅದು ಕವಿಯ ಉತ್ಪ್ರೇಕ್ಷೆ, ಆಮೇಲೆ ನೋಡುವ ಎನ್ನುತ್ತಿದ್ದರು.

“ಅಧ್ಯಯನ ಏನೂ ಬೇಡ. ನನಗೆ ಬಾಯಿಗೇ ಬರುತ್ತದೆ,” ಎಂದು ಅಬೆನಾ ಆ ಸಾಲನ್ನು ಮೊದಲು ತಮ್ಮ ಭಾಷೆಯಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಅರ್ಥ ಬಿಡಿಸಿದರು. ಇಷ್ಟೆಲ್ಲ ದುಡಿದವಳ ದುಡಿಮೆಯ ಫಲವನ್ನು ಅವಳಿಗೇ ಕೊಡಿ, ಊರ ಬಾಗಿಲಲ್ಲಿ ಅವಳ ಕೆಲಸವೇ ಅವಳನ್ನು ಹೊಗಳಲಿ ಎಂಬುದು ಅದರ ತಾತ್ಪರ್ಯ. “ನಮ್ಮ ಚರ್ಚಿನ ಹೆಂಗಸರು ಈ ಪದ್ಯದಲ್ಲಿ ಮೊದಲು ಕಲಿಯುವುದೇ ಇದನ್ನು. ನೀವು ನಮ್ಮೂರಲ್ಲಿ ಎರಡು ವರ್ಷ ಇದ್ದಿರಿ. ಯಾರೂ ಹೇಳಲಿಲ್ಲವಾ?”

ಪ್ರೊಫೆಸರ್ ನಕ್ಕು, “ಇದು ಆಫ್ರಿಕಾದವರ ವ್ಯಾಖ್ಯಾನ. ಸ್ವಾರಸ್ಯವಾಗಿದೆ,” ಎಂದರು. ಯಾರೂ ನಗಲಿಲ್ಲ.

ಸುಗುಣ ಆಂಟಿ ಸೌಟು ಎತ್ತಿ, “ಗಸಿ ಆರ್ತಾ ಉಂಟು. ಊಟಕ್ಕೆ ಬನ್ನಿ ಎಲ್ಲ,” ಎಂದರು.

ಮುಂದಿನ ವಾರ ಮನೆ ಮಾರಿಸುವ ಏಜೆಂಟ್ ಬಂದ. ಆಂಟಿಯೂ ಮನೆಯಲ್ಲಿದ್ದರು. ಪ್ರೊಫೆಸರ್ ತಮ್ಮ ಪೆನ್ನಿನ ಮುಚ್ಚಳ ತೆಗೆದು ಸಿದ್ಧವಾಗಿ ಕೂತಿದ್ದರು. ಏಜೆಂಟ್ ಕಾಗದಗಳನ್ನು ಹರಡಿ, ಇಲ್ಲಿಯ ಕಾನೂನಿನಲ್ಲಿ ಗಂಡಹೆಂಡತಿ ವಾಸವಿರುವ ಮನೆ ಯಾರ ಹೆಸರಿನಲ್ಲಿದ್ದರೂ ಮಾರಲು ಹೆಂಡತಿಯ ಒಪ್ಪಿಗೆ ಬೇಕು, ಸಹಿ ಇಲ್ಲಿ, ಎಂದು ಆಂಟಿಯ ಕಡೆ ಕಾಗದ ತಳ್ಳಿದ.

ಪ್ರೊಫೆಸರಿಗೆ ಇದು ಹೊಸ ಸುದ್ದಿ. “ಹಾಕು ಸುಗುಣಾ,” ಎಂದರು.

ಆಂಟಿ ಕಾಗದವನ್ನು ನಿಧಾನವಾಗಿ ಓದಿದರು. ಆಮೇಲೆ ಕೇಳಿದರು: “ಇಪ್ಪತ್ತೆರಡನೇ ಅಧ್ಯಾಯ ಬರ್ದಾಯ್ತಾ ನಿಮ್ದು?”

“ಅದಕ್ಕೂ ಇದಕ್ಕೂ ಎಂಥ ಸಂಬಂಧ?”

“ಅದನ್ನು ಬರೀರಿ. ನಾನು ಓದ್ತೇನೆ. ಓದಿ ಆದ ಕೂಡ್ಲೇ ಸಹಿ ಹಾಕ್ತೇನೆ.”

“ನಿನಗೆ ಅದೆಲ್ಲ ಎಂತ ಅರ್ಥ ಆಗ್ತದೆ ಮಾರಾಯ್ತಿ?”

“ಅರ್ಥ ಆಗುವ ಹಾಗೆ ಬರೀರಿ,” ಎಂದು ಆಂಟಿ ಎದ್ದು ಏಜೆಂಟನಿಗೆ ಚಹಾ ಮಾಡಲು ಹೋದರು.

ಪ್ರೊಫೆಸರಿಗೆ ರೋಷ ಬಂತು. ಬರೆಯಲು ಏಕಾಂತ ಬೇಕು, ಮೇಲೆ ಗದ್ದಲ, ಬೇಸ್‌ಮೆಂಟೇ ಸರಿ ಎಂದರು. ಮೇಲಿನ ಗದ್ದಲವೆಂದರೆ ಒಂದು ಡಿಶ್‌ವಾಷರ್. ನಾನು ನನ್ನ ಸೂಟ್‌ಕೇಸ್ ಹೊತ್ತು ಅವರ ಓದುವ ಕೋಣೆಗೆ ಏರಿದೆ, ಅವರು ತಮ್ಮ ನಿಘಂಟುಗಳನ್ನು ಹೊತ್ತು ಕೆಳಗಿಳಿದರು. ಒಂದು ವಾರದಲ್ಲಿ ಬರೆದು ಬಿಸಾಕುವುದಾಗಿ ಹೇಳಿದ್ದರು. ಕಾಲೇಜು ಮುಗಿದು, ಹೋಬೋಕನ್ನಿನಲ್ಲಿ ಕೆಲಸ ಸಿಕ್ಕಿ ನಾನು ಆ ಮನೆ ಬಿಡುವಾಗಲೂ ಅವರು ಕೆಳಗೇ ಇದ್ದರು.

ಆಮೇಲೆ ಹಬ್ಬಹರಿದಿನಕ್ಕೆ ಹೋದಾಗಲೆಲ್ಲ ನೋಡುತ್ತಿದ್ದೆ. ಸಂಜೆ ಆರಕ್ಕೆ ಆಂಟಿ ಮುಚ್ಚಿದ ಪಾತ್ರೆಯೊಂದನ್ನು ಬೇಸ್‌ಮೆಂಟಿನ ಮೇಲಿನ ಮೆಟ್ಟಿಲಲ್ಲಿಟ್ಟು ಎರಡು ಸಲ ಬಾಗಿಲು ತಟ್ಟುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಂದು ಕೈ ಬಂದು ಪಾತ್ರೆ ಒಳಗೆ ಹೋಗುತ್ತಿತ್ತು. ಜಗಳವಿರಲಿಲ್ಲ. ಬೇಕಾದಾಗ ಮೇಲೆ ಬಂದು ಒಟ್ಟಿಗೆ ಟೀವಿ ನೋಡುತ್ತಿದ್ದರು, ಮಾತಾಡುತ್ತಿದ್ದರು, ಆಮೇಲೆ ಅವರವರ ಜಾಗಕ್ಕೆ ಅವರವರು. ಎರಡು ವರ್ಷ ಕುಮಾಸಿಯಲ್ಲಿದ್ದು ಅವರು ನೋಡಿ ಬಂದ ಸಂಸಾರ ಈಗ ಅವರ ಸ್ವಂತ ಮನೆಯಲ್ಲಿ ನಡೆಯುತ್ತಿತ್ತು. ವಿದ್ವಾಂಸರಾಗಿ ಅವರಿಗೆ ಇದು ಹೊಳೆದಿರಲೇಬೇಕು. ನೋಟ್ ಮಾಡಿಕೊಂಡರೋ ಇಲ್ಲವೋ ಗೊತ್ತಿಲ್ಲ. ಒಮ್ಮೆ ಧೈರ್ಯ ಮಾಡಿ, “ಸರ್, ಒಬ್ಬರೇ ಇರೋಕೆ ಬೇಜಾರಾಗಲ್ವಾ?” ಎಂದೆ.

ಟೋಪಿ ಒತ್ತಿಕೊಂಡು, “ಊಟ ಬಿಸಿ ಇರ್ತದೆ,” ಎಂದರು. ಅದು ಯಾರ ಮಾತೆಂದು ಅವರಿಗೆ ನೆನಪಿರಲಿಲ್ಲವೆಂದು ಕಾಣುತ್ತದೆ.

ತಾಯಂದಿರ ಭಾನುವಾರದ ಪ್ರಸಂಗ ಮಾತ್ರ ಅವರು ಮತ್ತೆ ಮಾಡಲಿಲ್ಲ. ಗಂಟಲು ಸರಿಯಿಲ್ಲ ಎನ್ನುತ್ತಿದ್ದರು. ಆರು ವರ್ಷ ಗಂಟಲು ಸರಿಹೋಗಲಿಲ್ಲ. ಈ ವಸಂತದಲ್ಲಿ, ಒಂದು ಮಧ್ಯಾಹ್ನ, ನಿದ್ದೆಯಲ್ಲಿ ಹೃದಯ ನಿಂತುಹೋಯಿತು.

ಶವಸಂಸ್ಕಾರಕ್ಕೆ ಅಬೆನಾ ತಮ್ಮ ಕಡೆಯ ಸೂತಕದ ಕಪ್ಪು ಕೆಂಪು ಬಟ್ಟೆಯುಟ್ಟು ಬಂದು, ಎಲ್ಲರಿಗಿಂತ ಜೋರಾಗಿ ಅತ್ತರು. ಅವರ ಕಡೆ ಅಳುವುದನ್ನು ಅರ್ಧಂಬರ್ಧ ಮಾಡುವುದಿಲ್ಲ. ಸುಗುಣ ಆಂಟಿ ಅಳಲಿಲ್ಲ, ಬಂದವರಿಗೆಲ್ಲ ಕುರ್ಚಿ ಹಾಕಿಸುತ್ತಿದ್ದರು.

ಎರಡು ವಾರದ ಮೇಲೆ ಆಂಟಿ ನನ್ನನ್ನು ಕರೆದರು. ಪ್ರೊಫೆಸರ್ ಹಿಂದೆ ಪಾಠ ಮಾಡುತ್ತಿದ್ದ ಕಾಲೇಜಿನ ಲೈಬ್ರರಿಯವರು ಹಸ್ತಪ್ರತಿ ಕೇಳಿದ್ದರು, ಜೋಡಿಸಿಕೊಡಬೇಕಿತ್ತು. ಇಬ್ಬರೂ ಕೆಳಗೆ ಹೋದೆವು. ಮೇಜಿನ ಮೇಲೆ ಇಪ್ಪತ್ತೆರಡು ಫೈಲುಗಳು ಸಾಲಾಗಿದ್ದವು. ಕೊನೆಯದರಲ್ಲೂ ಒಂದು ಹಾಳೆ ಇತ್ತು. ಮೇಲ್ಗಡೆ ಹಿಬ್ರೂ ಭಾಷೆಯ ಕೊನೆಯ ಅಕ್ಷರ, ಬಹಳ ಚಂದವಾಗಿ, ಎಷ್ಟೋ ಸಲ ತಿದ್ದಿದ ಹಾಗೆ. ಕೆಳಗೆ ಅವರ ಕೈಬರಹದಲ್ಲಿ ಒಂದೇ ವಾಕ್ಯ:

‘ಈ ಅಧ್ಯಾಯವನ್ನು ನನ್ನ ಹೆಂಡತಿ ಬರೆಯತಕ್ಕದ್ದು.’

ಆಂಟಿ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಆಮೇಲೆ ನಗಲು ಶುರುಮಾಡಿದರು. ನಕ್ಕು ನಕ್ಕು ಪ್ರೊಫೆಸರ್ ಮಲಗುತ್ತಿದ್ದ ಮಂಚದ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ಬಂತು, ಅದು ತುಂಬ ಹೊತ್ತಿನವರೆಗೆ ನಿಲ್ಲಲೇ ಇಲ್ಲ.

“ನೋಡು,” ಎಂದರು ಸೆರಗಿನಿಂದ ಮುಖ ಒರೆಸಿಕೊಂಡು, “ಇದನ್ನೂ ನನ್ನ ತಲೆಗೇ ಕಟ್ಟಿ ಹೋದ್ರು.”

“ಬರೀತೀರಾ ಆಂಟಿ? ನೀವು ಹೇಳಿ, ನಾನು ಟೈಪ್ ಮಾಡ್ತೀನಿ.”

ಅವರು ಗಡಿಯಾರ ನೋಡಿದರು. ಎರಡು ಗಂಟೆಗೆ ಡ್ಯೂಟಿ ಇತ್ತು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಆ ವಾಕ್ಯದ ಕೆಳಗೆ ‘ಪುರುಸೊತ್ತಿಲ್ಲ’ ಎಂದು ಬರೆದು, ಪೂರ್ತಿ ಹೆಸರಿನಲ್ಲಿ ಸಹಿ ಹಾಕಿ, ಫೈಲು ಮುಚ್ಚಿ ನನಗೆ ಕೊಟ್ಟರು. ಈಗ ಅದು ಲೈಬ್ರರಿಯಲ್ಲಿದೆ. ಬೇಕಾದವರು ಹೋಗಿ ನೋಡಬಹುದು.